ಒಗರು ಇಳಿದ ಮೇಲೆ: ಹಳೆಯ ಬೋರ್ಡೋ ವೈನಿನ ರುಚಿ

1975ರ ದ್ರಾಕ್ಷಿ ಕೊಯ್ಲು ಮುಗಿದಾಗ ಫ್ರಾನ್ಸಿನ ಬೋರ್ಡೋ ಸೀಮೆಯ ವೈನ್ ವ್ಯಾಪಾರಿಗಳಿಗೆ ಹೋದ ಜೀವ ಬಂದಂತಾಯಿತು. ಹಿಂದಿನ ಮೂರು ವರ್ಷ ಹವಾಮಾನ ಕೈಕೊಟ್ಟಿತ್ತು, ವೈನ್ ತೆಳುವಾಗಿತ್ತು, ಮಾರುಕಟ್ಟೆಯೂ ಕುಸಿದಿತ್ತು. ಈ ಸಲ ಹಾಗಲ್ಲ. ದ್ರಾಕ್ಷಿಯ ಸಿಪ್ಪೆ ದಪ್ಪಗಿತ್ತು, ಪೀಪಾಯಿಯಿಂದ ತೆಗೆದ ಹೊಸ ವೈನ್ ಬಾಯಿಗಿಟ್ಟರೆ ನಾಲಿಗೆ, ದವಡೆ ಎಲ್ಲ ಬಿಗಿದುಕೊಳ್ಳುವಷ್ಟು ಒಗರು. ಇಷ್ಟು ಒಗರಿದ್ದ ಮೇಲೆ ಇದು ದಶಕಗಟ್ಟಲೆ ಬಾಳುತ್ತದೆ, ಕಾದವರಿಗೆ ಲಾಭ ಎಂದು ಜನ ನಂಬಿ ನೆಲಮಾಳಿಗೆ ತುಂಬಿಸಿದರು.

ಏಳು ವರ್ಷದ ಮೇಲೆ 1982 ಬಂತು. ಅದು ಧಾರಾಳ ಬಿಸಿಲಿನ ವರ್ಷ. ಆ ವೈನ್ ಎಳೆಯದಾಗಿದ್ದಾಗಲೇ ಮೃದುವಾಗಿತ್ತು, ಹಣ್ಣಿನ ಸವಿ ತುಂಬಿ ತುಳುಕುತ್ತಿತ್ತು. ಇಷ್ಟು ಬೇಗ ಸವಿ ಬಿಟ್ಟುಕೊಡುವ ವೈನ್ ಬಹುಕಾಲ ಉಳಿಯದು ಎಂದು ಹೆಸರಾಂತ ವಿಮರ್ಶಕರು ಕೆಲವರು ತಲೆ ಕೊಡವಿದರು. ಆಗಿನ್ನೂ ವಕೀಲಿಕೆಯ ನೌಕರಿಯಲ್ಲಿದ್ದು ಬಿಡುವಿನಲ್ಲಿ ವೈನ್ ಪತ್ರಿಕೆ ನಡೆಸುತ್ತಿದ್ದ ಅಮೆರಿಕದ ರಾಬರ್ಟ್ ಪಾರ್ಕರ್ ಮಾತ್ರ ಇದು ಶತಮಾನದ ದೊಡ್ಡ ವರ್ಷಗಳಲ್ಲೊಂದು ಎಂದು ಪಟ್ಟು ಹಿಡಿದು ಬರೆದರು.

ನಾಲ್ಕು ದಶಕ ಕಳೆದ ಮೇಲೆ ಎರಡೂ ವರ್ಷಗಳ ಹಣೆಬರಹ ಎಲ್ಲರಿಗೂ ಗೊತ್ತಾಗಿದೆ. 1975ರ ಎಷ್ಟೋ ಬಾಟಲಿಗಳಲ್ಲಿ ಹಣ್ಣು ಮೊದಲು ಬತ್ತಿತು, ಒಗರು ಹಾಗೇ ಉಳಿಯಿತು. ಪೊಮೆರೋಲ್ ಕಡೆಯ ಕೆಲವು ತೋಟಗಳಂಥ ಅಪವಾದಗಳನ್ನು ಬಿಟ್ಟರೆ, ಕಾದವರ ಕೈಗೆ ಸಿಕ್ಕಿದ್ದು ಒಣ ಕಟ್ಟಿಗೆಯ ರುಚಿ. 1982ರ ಒಳ್ಳೆಯ ಬಾಟಲಿಗಳು ಇವತ್ತಿಗೂ ಜೀವಂತವಾಗಿವೆ.

ಹಳೆಯ ವೈನಿನ ಬಗ್ಗೆ ನಾನು ಹೇಳಬೇಕೆಂದಿರುವುದೆಲ್ಲ ಈ ಎರಡು ವರ್ಷಗಳ ಕಥೆಯಲ್ಲೇ ಇದೆ. ವಯಸ್ಸು ವೈನಿಗೆ ಏನನ್ನೂ ಪುಕ್ಕಟೆ ಕೊಡುವುದಿಲ್ಲ. ಹಣ್ಣಿನ ಸವಿ, ಗಾಢ ಬಣ್ಣ, ಒಗರಿನ ಬಿಗಿ, ಇವನ್ನು ಒಂದೊಂದಾಗಿ ಕಿತ್ತುಕೊಳ್ಳುತ್ತ ಹೋಗುತ್ತದೆ. ಹೀಗೆ ಕಿತ್ತುಕೊಂಡ ಮೇಲೂ ಕೊಡಲು ಬೇರೇನಾದರೂ ಉಳಿದಿದ್ದರೆ ಮಾತ್ರ ಅದು ದೊಡ್ಡ ವೈನ್. ಆ ಉಳಿದದ್ದನ್ನು ಗುರುತಿಸುವುದೇ ಆಸ್ವಾದ. ಬಾಟಲಿಯ ಮೇಲಿನ ಇಸವಿ, ಬೆಲೆ, ಶಾಟೋ ಎಂದು ಕರೆಯುವ ತೋಟದ ಹೆಸರು ಈ ಕೆಲಸದಲ್ಲಿ ಸಹಾಯ ಮಾಡುವುದಕ್ಕಿಂತ ದಾರಿ ತಪ್ಪಿಸುವುದೇ ಹೆಚ್ಚು.

ಬೋರ್ಡೋ ಎಂದರೆ ನದಿಗಳ ಸೀಮೆ. ಗಾರೋನ್ ಮತ್ತು ದೋರ್ದೋನ್ ಕೂಡಿ ಜಿರೋಂದ್ ಎಂಬ ಅಗಲವಾದ ಅಳಿವೆಯಾಗಿ ಅಟ್ಲಾಂಟಿಕ್ ಸೇರುತ್ತವೆ. ಅಳಿವೆಯ ಎಡದಂಡೆಯಲ್ಲಿ ಮೆದೋಕ್ ಇದೆ. ಪೋಯಾಕ್, ಮಾರ್ಗೋ, ಸೇಂಟ್ ಜೂಲಿಯನ್ ಎಂಬ ಪ್ರಸಿದ್ಧ ಊರುಗಳೆಲ್ಲ ಇಲ್ಲಿಯವೇ. ಒಂದು ಕಾಲಕ್ಕೆ ಇದರ ಬಹುಭಾಗ ಜೌಗು ನೆಲ. 17ನೇ ಶತಮಾನದಲ್ಲಿ ಡಚ್ ಎಂಜಿನಿಯರುಗಳು ಕಾಲುವೆ ತೋಡಿ ನೀರು ಬಸಿದರು. ನದಿಗಳು ಯುಗಯುಗಗಳಿಂದ ತಂದು ಸುರಿದಿದ್ದ ಬೆಣಚುಕಲ್ಲಿನ ದಿಬ್ಬಗಳು ಆಗ ಬೇಸಾಯಕ್ಕೆ ಸಿಕ್ಕವು. ಆ ಕಲ್ಲುನೆಲದಲ್ಲಿ ಜೋಳ, ಗೋಧಿ ಸರಿಯಾಗಿ ಬೆಳೆಯಲಾರವು. ಆದರೆ ಮಳೆ ನೀರು ನಿಲ್ಲದೆ ಇಳಿದುಹೋಗುತ್ತದೆ, ಹಗಲಿನ ಬಿಸಿಲನ್ನು ಕಲ್ಲು ಹಿಡಿದಿಟ್ಟುಕೊಳ್ಳುತ್ತದೆ. ತಡವಾಗಿ ಹಣ್ಣಾಗುವ ಕ್ಯಾಬರ್ನೆ ಸೋವಿನ್ಯೋನ್ ಎಂಬ ತಳಿಗೆ ಬೇಕಾದದ್ದು ಇದೇ. ಅದರ ಕಾಯಿ ಚಿಕ್ಕದು, ಸಿಪ್ಪೆ ದಪ್ಪ. ಒಂದು ಲೋಟ ರಸಕ್ಕೆ ಬರುವ ಸಿಪ್ಪೆ ಮತ್ತು ಬೀಜದ ಪಾಲು ಹೆಚ್ಚು. ವೈನ್ ಬಾಳಲು ಬೇಕಾದ ಸಾಮಗ್ರಿ ಇರುವುದು ಆ ಸಿಪ್ಪೆ, ಬೀಜಗಳಲ್ಲೇ.

ಬಲದಂಡೆಯ ಸೇಂಟ್ ಎಮಿಲಿಯೋನ್ ಮತ್ತು ಪೊಮೆರೋಲ್‌ನದು ಬೇರೆ ಮಣ್ಣು. ಅಲ್ಲಿ ಸುಣ್ಣಕಲ್ಲು, ಜೇಡಿ ಹೆಚ್ಚು, ಮೆರ್ಲೋ ತಳಿಯದೇ ಕಾರುಬಾರು. ಮೆರ್ಲೋ ಬೇಗ ಹಣ್ಣಾಗುತ್ತದೆ, ಅದರ ವೈನ್ ತುಸು ದುಂಡಗೆ, ಮೆತ್ತಗೆ ಇರುತ್ತದೆ. ಬೋರ್ಡೋದವರು ಸಾಮಾನ್ಯವಾಗಿ ಎರಡು ಮೂರು ತಳಿಗಳನ್ನು ಬೆರೆಸುತ್ತಾರೆ. ಸಮುದ್ರದ ಮಗ್ಗುಲ ಊರು ಅದು, ಕೊಯ್ಲಿನ ಹೊತ್ತಿಗೆ ಮಳೆ ಯಾವಾಗ ಬರುತ್ತದೋ ಹೇಳಲಾಗದು. ಒಂದು ತಳಿ ಕೆಟ್ಟರೆ ಇನ್ನೊಂದು ಕೈ ಹಿಡಿಯಲಿ ಎಂಬ ರೈತಬುದ್ಧಿಯಿಂದ ಹುಟ್ಟಿದ ಪದ್ಧತಿಯಿದು.

ಶ್ರೇಣಿಗಳ ಕಥೆಯನ್ನು ಬೇಗ ಮುಗಿಸಿಬಿಡುತ್ತೇನೆ. 1855ರ ಪ್ಯಾರಿಸ್ ವಸ್ತುಪ್ರದರ್ಶನಕ್ಕೆ ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್ ಒಳ್ಳೆಯ ವೈನುಗಳ ಪಟ್ಟಿ ಕೇಳಿದ. ಬೋರ್ಡೋದ ದಲ್ಲಾಳಿಗಳು ಮಾರುಕಟ್ಟೆ ಬೆಲೆ ನೋಡಿಕೊಂಡು ಎಡದಂಡೆಯ ಕೆಂಪು ವೈನುಗಳನ್ನು ಐದು ದರ್ಜೆಗಳಲ್ಲಿ ಜೋಡಿಸಿಕೊಟ್ಟರು. ಮೊದಲ ದರ್ಜೆಗೆ ಲಾಫೀಟ್, ಲಾತೂರ್, ಮಾರ್ಗೋ, ಓ ಬ್ರಿಯೋನ್. 1973ರಲ್ಲಿ ಮೂತೋನ್ ರೋಥ್‌ಷೀಲ್ಡ್ ಐದನೆಯದಾಗಿ ಸೇರಿತು. ಸರಿಸುಮಾರು ಅದೇ ಪಟ್ಟಿ ಇಂದಿಗೂ ನಡೆಯುತ್ತಿದೆ. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು 1924. ಅಲ್ಲಿಯವರೆಗೆ ತೋಟದವರು ಸಾಮಾನ್ಯವಾಗಿ ವೈನನ್ನು ಪೀಪಾಯಿ ಲೆಕ್ಕದಲ್ಲಿ ಪಟ್ಟಣದ ವರ್ತಕರಿಗೆ ಕೊಡುತ್ತಿದ್ದರು. ಹದ ಮಾಡುವುದು, ಬಾಟಲಿಗೆ ತುಂಬಿಸುವುದು ಎಲ್ಲ ವರ್ತಕರ ಜವಾಬ್ದಾರಿಯಾಗಿತ್ತು. ಒಂದೇ ತೋಟದ, ಒಂದೇ ವರ್ಷದ ವೈನ್ ಇಬ್ಬರು ವರ್ತಕರ ಕೈಯಲ್ಲಿ ಎರಡು ಬಗೆಯಾಗುವುದಿತ್ತು. ಮೂತೋನ್‌ನ ಆಡಳಿತ ವಹಿಸಿಕೊಂಡಿದ್ದ ಯುವಕ ಫಿಲಿಪ್ ದ ರೋಥ್‌ಷೀಲ್ಡ್ 1924ರ ಇಡೀ ಬೆಳೆಯನ್ನು ತನ್ನ ತೋಟದಲ್ಲೇ ಬಾಟಲಿಗೆ ತುಂಬಿಸಿದ. ಹಳೆಯ ವೈನ್ ಕುಡಿಯುವವನಿಗೆ ತಾನು ಕುಡಿಯುತ್ತಿರುವುದು ಏನೆಂಬ ಭರವಸೆ ಸಿಕ್ಕಿದ್ದು ಆ ಪದ್ಧತಿ ಬೇರೂರಿದ ಮೇಲೆ.

ಬಾಟಲಿಯ ಒಳಗೆ ನಡೆಯುವುದೇನು? ಒಗರಿಗೆ ಕಾರಣ ಟ್ಯಾನಿನ್. ಮಲೆನಾಡಿನವರಿಗೆ ಇದನ್ನು ಹೊಸದಾಗಿ ಪರಿಚಯಿಸಬೇಕಿಲ್ಲ. ಅಡಿಕೆ ಬೇಯಿಸಿ ಉಳಿಯುವ ಚೊಗರಿನಲ್ಲಿ ಇರುವುದೂ ಇದೇ ಜಾತಿಯ ವಸ್ತು, ಬಾಯಲ್ಲಿ ಅದು ಮಾಡುವ ಕೆಲಸವೂ ಅದೇ: ಎಂಜಲಿನ ಪ್ರೋಟೀನನ್ನು ಹಿಡಿದು ಬಾಯಿಯ ಜಾರುತನವನ್ನು ತೆಗೆದುಹಾಕುತ್ತದೆ. ಕೆಂಪು ವೈನಿನಲ್ಲಿ ಈ ಟ್ಯಾನಿನ್ನಿನ ಜೊತೆಗೆ ಸಿಪ್ಪೆಯಿಂದ ಬಂದ ಆಂಥೋಸಯನಿನ್ ಎಂಬ ಬಣ್ಣದ ಕಣಗಳಿರುತ್ತವೆ. ವರ್ಷಗಳು ಉರುಳಿದಂತೆ ಇವೆರಡೂ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ನೇರಳೆ ಬಣ್ಣ ಮಾಣಿಕ್ಯದ ಕೆಂಪಿಗೆ, ಆಮೇಲೆ ಹೆಂಚಿನ ಬಣ್ಣಕ್ಕೆ ತಿರುಗುತ್ತದೆ. ತೀರ ಭಾರವಾದ ಹೆಣಿಗೆಗಳು ಗಸಿಯಾಗಿ ತಳ ಸೇರುತ್ತವೆ. ಹೀಗೆ ಟ್ಯಾನಿನ್ ದೊಡ್ಡದಾಗಿ ಉದುರಿಹೋಗುವುದರಿಂದ ವೈನ್ ಮೆತ್ತಗಾಗುತ್ತದೆ ಎಂದು ಹಿಂದೆ ಪಾಠ ಹೇಳುತ್ತಿದ್ದರು. ವೈನಿನ ಹುಳಿಯಲ್ಲಿ ಟ್ಯಾನಿನ್ ಸರಪಳಿಗಳು ತುಂಡಾಗುವುದೂ ಉಂಟು, ಮರುಜೋಡಣೆಯೂ ಉಂಟು ಎಂದು ಈಗಿನ ರಸಾಯನಶಾಸ್ತ್ರ ಅದಕ್ಕೆ ಸೇರಿಸುತ್ತದೆ. ಕಾರ್ಕಿನ ಮೂಲಕ ವರ್ಷಕ್ಕೆ ಮಿಲಿಗ್ರಾಂ ಲೆಕ್ಕದಲ್ಲಿ ಒಳಬರುವ ಆಮ್ಲಜನಕ ಈ ಕೆಲಸವನ್ನು ಮುನ್ನಡೆಸುತ್ತ ಹೋಗುತ್ತದೆ. ಅದೇ ಆಮ್ಲಜನಕ ಹೆಚ್ಚಾದರೆ ವೈನ್ ಸತ್ತಂತೆ.

ವಾಸನೆಯ ಲೆಕ್ಕ ಇನ್ನೂ ಸೋಜಿಗದ್ದು. ಎಳೆಯ ಕ್ಯಾಬರ್ನೆಯಲ್ಲಿ ಕಪ್ಪು ದ್ರಾಕ್ಷಿ, ನೇರಳೆ ಹಣ್ಣಿನ ಕಡೆಯ ಪರಿಮಳ, ಕೆಲವೊಮ್ಮೆ ಹಸಿ ದೊಣ್ಣೆಮೆಣಸಿನ ಎಳೆ, ಹೊಸ ಓಕ್ ಪೀಪಾಯಿಯಿಂದ ಬಂದ ವೆನಿಲ್ಲಾ ಇರುತ್ತವೆ. 225 ಲೀಟರಿನ ಆ ಪೀಪಾಯಿಯಲ್ಲಿ ಒಂದೂವರೆ, ಎರಡು ವರ್ಷ ಇದ್ದು ವೈನ್ ಬಾಟಲಿಗೆ ಬರುತ್ತದೆ. ಹದಿನೈದು, ಇಪ್ಪತ್ತು ವರ್ಷಕ್ಕೆ ಇವೆಲ್ಲ ಹಿಂದೆ ಸರಿದು ಬೇರೆಯೇ ಒಂದು ತಂಡ ಮುಂದೆ ಬರುತ್ತದೆ: ದೇವದಾರು ಮರ, ಒಣ ತಂಬಾಕಿನ ಎಲೆ, ಹದಗೊಂಡ ಚರ್ಮ, ಅಣಬೆ, ಮಳೆಗಾಲದ ಕಾಡಿನ ತರಗೆಲೆ. ಇವುಗಳಲ್ಲಿ ಹೆಚ್ಚಿನವು ಈ ರೂಪದಲ್ಲಿ ಹಣ್ಣಿನಲ್ಲಿ ಇರಲಿಲ್ಲ, ಪೀಪಾಯಿಯಲ್ಲೂ ಇರಲಿಲ್ಲ. ಕತ್ತಲಲ್ಲಿ ಮಲಗಿದ್ದ ಬಾಟಲಿಯೊಳಗೇ ಹುಟ್ಟಿದವು. ಹಳೆಯ ಬೋರ್ಡೋದಲ್ಲಿ ಅಪರೂಪಕ್ಕೆ ಸಿಗುವ ಪುದೀನದ ತಂಪಿಗೆ ಪಿಪೆರಿಟೋನ್ ಎಂಬ ಸಂಯುಕ್ತ ಒಂದು ಕಾರಣವೆಂದು ಬೋರ್ಡೋ ವಿಶ್ವವಿದ್ಯಾಲಯದ ಸಂಶೋಧಕರೇ ತೋರಿಸಿಕೊಟ್ಟಿದ್ದಾರೆ. ತರಗೆಲೆ, ಟ್ರಫಲ್ ಅಣಬೆಯ ವಾಸನೆಯ ಹಿಂದೆ ಡೈಮಿಥೈಲ್ ಸಲ್ಫೈಡ್ ಎಂಬ ಗಂಧಕದ ಸಂಯುಕ್ತದ ಪಾಲಿದೆ.

ಈಗ ಬಾಟಲಿ ತೆರೆಯುವ ಕೆಲಸಕ್ಕೆ ಬರೋಣ. ಆಸ್ವಾದ ಶುರುವಾಗುವುದು ಇಲ್ಲಿಂದಲೇ, ಇದನ್ನು ಅವಸರದಲ್ಲಿ ಮಾಡಿ ಕೆಡಿಸಿಕೊಂಡವರು ಬಹಳ.

ಮಲಗಿದ್ದ ಬಾಟಲಿಯನ್ನು ಒಂದೆರಡು ದಿನ ಮೊದಲೇ ನೆಟ್ಟಗೆ ನಿಲ್ಲಿಸಬೇಕು. ಪಕ್ಕಕ್ಕೆ ಅಂಟಿಕೊಂಡ ಗಸಿ ಆಗ ತಳಕ್ಕಿಳಿಯುತ್ತದೆ. ತೆರೆಯುವ ಮುಂಚೆ ಬೆಳಕಿಗೆ ಹಿಡಿದು ಮಟ್ಟ ನೋಡಿ. ಬೋರ್ಡೋ ಬಾಟಲಿಗೆ ಎದ್ದು ಕಾಣುವ ಭುಜಗಳಿವೆ. ಮೂವತ್ತು ವರ್ಷದ ಬಾಟಲಿಯಲ್ಲಿ ವೈನ್ ಕತ್ತಿನ ಬುಡದವರೆಗೋ ಭುಜದ ಮೇಲ್ತುದಿಯವರೆಗೋ ಇದ್ದರೆ ಚಿಂತೆಯಿಲ್ಲ; ಭುಜದ ನಡುವಿಗಿಂತ ಕೆಳಗಿಳಿದಿದ್ದರೆ ಕಾರ್ಕ್ ಸೋತಿದೆ, ಗಾಳಿ ಹೊಕ್ಕಿದೆ ಎಂದೇ ಅರ್ಥ. ಮೇಲಿನ ತಗಡಿನ ಟೋಪಿ ಕತ್ತರಿಸಿದಾಗ ಕಾರ್ಕಿನ ತಲೆಯ ಮೇಲೆ ಕಪ್ಪು ಬೂಸು ಕಂಡರೆ ಹೆದರಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು. ಹಳೆಯ ಕಾರ್ಕ್ ತಿರುಪಿಗೆ ಸಿಕ್ಕರೆ ಪುಡಿಯಾಗುತ್ತದೆ. ಅದಕ್ಕೆಂದೇ ಎರಡು ತೆಳ್ಳನೆ ಉಕ್ಕಿನ ಅಲಗುಗಳಿರುವ ಸಾಧನವಿದೆ. ಅಲಗುಗಳನ್ನು ಕಾರ್ಕ್ ಮತ್ತು ಗಾಜಿನ ಸಂದಿಯಲ್ಲಿ ಅತ್ತ ಇತ್ತ ಅಲುಗಿಸುತ್ತ ಇಳಿಸಿ, ಮೆಲ್ಲಗೆ ತಿರುಗಿಸಿ ಎಳೆದರೆ ಇಡೀ ಕಾರ್ಕ್ ಬರುತ್ತದೆ.

ಆಮೇಲೆ ಮೋಂಬತ್ತಿ ಬೇಕು, ಇಲ್ಲವೇ ಮೊಬೈಲಿನ ಟಾರ್ಚ್. ಬಾಟಲಿಯ ಕತ್ತಿನ ಹಿಂದೆ ಬೆಳಕು ಬರುವಂತೆ ಇಟ್ಟು, ವೈನನ್ನು ಒಂದೇ ಧಾರೆಯಲ್ಲಿ, ನಿಲ್ಲಿಸದೆ, ಗಾಜಿನ ಹೂಜಿಗೆ ಬಗ್ಗಿಸಬೇಕು. ನಡುವೆ ಬಾಟಲಿ ನೆಟ್ಟಗೆ ಮಾಡಿದಿರೋ, ಗಸಿ ಕದಡಿತು. ಮುಕ್ಕಾಲು ಪಾಲು ಇಳಿಯುವವರೆಗೂ ಧಾರೆ ಗಾಜಿನಷ್ಟೇ ತಿಳಿಯಾಗಿರುತ್ತದೆ. ಕೊನೆಗೆ ಭುಜದ ತಿರುವಿನಲ್ಲಿ ಹೊಗೆಯ ಎಳೆಯಂತೆ ಏನೋ ಸುಳಿದಾಡತೊಡಗುತ್ತದೆ. ಅದು ಕತ್ತಿಗೆ ಬರುವ ಮುಂಚೆ ಕೈ ನಿಲ್ಲಬೇಕು. ಆ ಭುಜ ಇರುವುದರಿಂದಲೇ ಗಸಿ ಅಲ್ಲಿ ಒಂದು ಕ್ಷಣ ತಡೆಯುತ್ತದೆ. ಬಾಟಲಿಯಲ್ಲಿ ಒಂದೆರಡು ಬೆರಳಷ್ಟು ಉಳಿದರೆ ಉಳಿಯಲಿ, ಕಹಿ ಮರಳನ್ನು ಲೋಟಕ್ಕೆ ಹಾಕಿಕೊಳ್ಳುವುದಕ್ಕಿಂತ ಅದು ಮೇಲು.

ಹೂಜಿಯಲ್ಲಿ ಗಂಟೆಗಟ್ಟಲೆ ಗಾಳಿಗಿಡಬೇಕು ಎಂಬ ಸಲಹೆಯನ್ನು ಹಳೆಯ ವೈನಿಗೆ ಅನ್ವಯಿಸಬೇಡಿ. ಬೋರ್ಡೋದಲ್ಲಿ ವೈನ್ ವಿಜ್ಞಾನಕ್ಕೆ ಹೊಸ ದಿಕ್ಕು ತೋರಿದ ಎಮಿಲ್ ಪೇನೋ ಈ ವಿಷಯದಲ್ಲಿ ಖಡಾಖಂಡಿತವಾಗಿದ್ದರು: ಗಸಿ ಇದ್ದರೆ ಮಾತ್ರ ಬಗ್ಗಿಸಿ, ಅದೂ ಬಡಿಸುವ ಹೊತ್ತಿಗೆ. ಬೇಕಾದಷ್ಟು ಗಾಳಿಯನ್ನು ಲೋಟದಲ್ಲೇ ಕೊಡಬಹುದು, ಹಾರಿಹೋದ ಪರಿಮಳವನ್ನು ಮರಳಿ ತರಲಾಗದು.

ಬೆಂಗಳೂರಿನ ಸ್ನೇಹಿತರೊಬ್ಬರ ಮನೆಯಲ್ಲಿ ಮೂವತ್ತು ವರ್ಷ ದಾಟಿದ ಪೋಯಾಕ್ ವೈನ್ ಒಂದನ್ನು ತೆರೆದಾಗ ಪೇನೋ ಮಾತಿನ ತೂಕ ನನಗೆ ತಿಳಿಯಿತು. ಬಿಳಿ ಮೇಜುಬಟ್ಟೆಯ ಮೇಲೆ ಲೋಟ ಓರೆ ಮಾಡಿದರೆ ನಡುವಿನಲ್ಲಿ ಇನ್ನೂ ಕೆಂಪು, ಅಂಚಿನಲ್ಲಿ ಮಾಸಿದ ಕಿತ್ತಳೆ. ಮೊದಲ ಐದು ನಿಮಿಷ ಬಾಗಿಲು ಹಾಕಿಟ್ಟ ಕೋಣೆಯ ಮುಗ್ಗು ವಾಸನೆ ಬಿಟ್ಟರೆ ಬೇರೇನಿಲ್ಲ. ಕೂತಿದ್ದವರ ಮುಖ ಸಪ್ಪಗಾಯಿತು. ಹತ್ತು ನಿಮಿಷಕ್ಕೆ ಮುಗ್ಗು ಕಳೆದು ದೇವದಾರು ಬಂತು, ಹಿಂದೆಯೇ ತಂಬಾಕು. ಅರ್ಧ ಗಂಟೆಗೆ ತರಗೆಲೆಯ ತಂಪು, ಅದರ ಅಡಿಯಿಂದ, ಯಾರೂ ನಿರೀಕ್ಷಿಸದಿದ್ದಾಗ, ಒಣಗಿದ ಕಪ್ಪು ದ್ರಾಕ್ಷಿಯ ಸಣ್ಣ ಸಿಹಿ. ಬಾಯಲ್ಲಿ ಒಗರು ಇತ್ತು, ಆದರೆ ರೇಷ್ಮೆಯಷ್ಟು ನಯ. ನುಂಗಿದ ಮೇಲೂ ಬಹಳ ಹೊತ್ತು ಆ ರುಚಿ ಬಿಟ್ಟುಹೋಗಲಿಲ್ಲ. ಒಂದು ಗಂಟೆ ದಾಟುವಷ್ಟರಲ್ಲಿ ವಾಸನೆ ಒಂದೊಂದಾಗಿ ಕಳಚಿಕೊಂಡು ತೆಳ್ಳನೆ ಹುಳಿಯಷ್ಟೇ ಉಳಿಯಿತು. ಮೊದಲೇ ಎರಡು ಗಂಟೆ ಹೂಜಿಯಲ್ಲಿಟ್ಟಿದ್ದರೆ ನಮಗೆ ಸಿಗುತ್ತಿದ್ದುದು ಆ ಕೊನೆಯ ಹುಳಿ ಮಾತ್ರ.

ಹೀಗಾಗಿ ಹೊಸಬರಿಗೆ ನನ್ನ ಸಲಹೆ ಒಂದೇ: ಸ್ವಲ್ಪ ಹಾಕಿಕೊಳ್ಳಿ, ಮೂಗಿಗೆ ಕೆಲಸ ಕೊಡಿ, ಮತ್ತೆ ಮತ್ತೆ ಲೋಟಕ್ಕೆ ಮರಳಿ. ಸಾಧ್ಯವಾದರೆ ಅದೇ ತೋಟದ ಎಳೆಯ ವೈನನ್ನು ಪಕ್ಕದಲ್ಲಿಟ್ಟುಕೊಳ್ಳಿ. ಏನು ಹೋಗಿದೆ, ಏನು ಬಂದಿದೆ ಎಂಬುದು ಎರಡನ್ನೂ ಒಟ್ಟಿಗೆ ಮೂಸಿದಾಗ ತಿಳಿಯುವಷ್ಟು ಯಾವ ಪುಸ್ತಕ ಓದಿದರೂ ತಿಳಿಯದು. ಜೊತೆಗೆ ಖಾರದ ಊಟ ಬೇಡ. ನಮ್ಮ ಮೆಣಸಿನ ಉರಿ ಒಗರನ್ನು ಕೆರಳಿಸುತ್ತದೆ, ಸೂಕ್ಷ್ಮ ವಾಸನೆಗಳನ್ನು ಮುಚ್ಚಿಹಾಕುತ್ತದೆ. ಪೋಯಾಕ್‌ನವರು ತಮ್ಮ ವೈನಿಗೆ ತಮ್ಮೂರಿನ ಎಳೆ ಕುರಿಮಾಂಸವನ್ನು ಸುಮ್ಮನೆ ಸುಟ್ಟು ತಿನ್ನುತ್ತಾರೆ, ಅದರಲ್ಲಿ ವಿವೇಕವಿದೆ. ಇನ್ನು, ವೈನ್ ಹೃದಯಕ್ಕೆ ಒಳ್ಳೆಯದು ಎಂಬ ಮಾತನ್ನು ನಾನು ಹೇಳುವುದಿಲ್ಲ. ಮದ್ಯಕ್ಕೆ ಸುರಕ್ಷಿತ ಪ್ರಮಾಣ ಎಂಬುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಹಳೆಯ ವೈನನ್ನು ಅರ್ಧ ಲೋಟದಲ್ಲಿ ಒಂದು ಗಂಟೆ ಅನುಭವಿಸಬಹುದು. ಅದಕ್ಕಿಂತ ಹೆಚ್ಚು ಅದು ಬೇಡುವುದೂ ಇಲ್ಲ.

ಬಾಟಲಿ ಕೆಟ್ಟಿದ್ದರೆ ಗುರುತಿಸುವುದೂ ಆಸ್ವಾದದ ಭಾಗವೇ. ಒದ್ದೆ ರಟ್ಟಿನ ವಾಸನೆ ಬಂದು, ಹತ್ತು ನಿಮಿಷಕ್ಕೆ ಹೋಗುವ ಬದಲು ಹೆಚ್ಚಾದರೆ, ಅದು ಕಾರ್ಕಿನ ರೋಗ. ಟ್ರೈಕ್ಲೋರೋಅನಿಸೋಲ್ ಎಂಬ ವಸ್ತು ಲೀಟರಿಗೆ ಕೆಲವೇ ನ್ಯಾನೊಗ್ರಾಂ ಇದ್ದರೂ ಇಡೀ ವೈನನ್ನು ಮಂಕು ಮಾಡುತ್ತದೆ. ಎಷ್ಟೇ ದುಬಾರಿ ಹೆಸರಾದರೂ ಅದಕ್ಕೆ ಔಷಧಿಯಿಲ್ಲ.

ಹೆಸರಿನ ವ್ಯಾಮೋಹ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ 1985ರ ಡಿಸೆಂಬರಿನಲ್ಲಿ ಲಂಡನ್ನಿನ ಕ್ರಿಸ್ಟೀಸ್‌ನಲ್ಲಿ ನಡೆದ ಹರಾಜನ್ನು ನೋಡಬೇಕು. 1787ರ ಲಾಫೀಟ್ ಎಂದು ಹೇಳಲಾದ, ಅಮೆರಿಕದ ಅಧ್ಯಕ್ಷನಾಗಿದ್ದ ಥಾಮಸ್ ಜೆಫರ್ಸನ್‌ನ ಇನಿಷಿಯಲ್ ಕೊರೆದಿದ್ದ ಒಂದು ಬಾಟಲಿಯನ್ನು ಫೋರ್ಬ್ಸ್ ಕುಟುಂಬ 1,05,000 ಪೌಂಡಿಗೆ ಕೊಂಡಿತು. ಪ್ರದರ್ಶನದ ಪೆಟ್ಟಿಗೆಯಲ್ಲಿ ದೀಪದ ಬಿಸಿಗೆ ಕಾರ್ಕ್ ಒಣಗಿ ಒಳಕ್ಕೆ ಜಾರಿತು. ಅದೇ ಮೂಲದಿಂದ ಬಂದ ಇತರ ಬಾಟಲಿಗಳ ಮೇಲಿನ ಕೆತ್ತನೆ ವಿದ್ಯುತ್ ಉಪಕರಣದಿಂದ ಮಾಡಿದ್ದು ಎಂದು ಆಮೇಲೆ ಅವನ್ನು ಕೊಂಡಿದ್ದ ಶ್ರೀಮಂತನೊಬ್ಬ ನೇಮಿಸಿದ ಪರಿಣತರು ಹೇಳಿದರು. ಆ ಬಾಟಲಿಯೊಳಗಿನ ರುಚಿ ಏನೆಂದು ಕೊಂಡವರು ತಿಳಿಯಲೇ ಇಲ್ಲ. ವೈನ್ ಇತಿಹಾಸದಲ್ಲಿ ಇದಕ್ಕಿಂತ ವ್ಯರ್ಥವಾದ ಖರೀದಿ ನನಗಂತೂ ತೋಚುವುದಿಲ್ಲ.

ವಯಸ್ಸಾಗುವ ಪರಿಯನ್ನು ಅರಿಯುವ ಕುತೂಹಲ ಇನ್ನೊಂದು ಕಡೆ ಒಳ್ಳೆಯ ಪ್ರಯೋಗಕ್ಕೂ ದಾರಿ ಮಾಡಿದೆ. 2019ರ ನವೆಂಬರಿನಲ್ಲಿ ಪೆಟ್ರೂಸ್ ಎಂಬ ಬೋರ್ಡೋ ವೈನಿನ 2000ನೇ ಇಸವಿಯ ಹನ್ನೆರಡು ಬಾಟಲಿಗಳನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಳಿಸಿ, 2021ರ ಜನವರಿಯಲ್ಲಿ ಮರಳಿ ತಂದರು. ಬೋರ್ಡೋದಲ್ಲಿ ನೆಲದ ಮೇಲೇ ಇದ್ದ ಜೊತೆಗಾರ ಬಾಟಲಿಯೊಂದಿಗೆ ಹೋಲಿಸಿ ರುಚಿ ನೋಡಿದಾಗ, ಬಾಹ್ಯಾಕಾಶದ್ದು ತುಸು ಹೆಚ್ಚು ವಯಸ್ಸಾದಂತಿದೆ ಎಂದು ಪರಿಣತರಲ್ಲಿ ಒಬ್ಬರು ಹೇಳಿದರು. ಇಷ್ಟರ ಮೇಲೆ ಸಿದ್ಧಾಂತ ಕಟ್ಟಲಾಗದು. ಬಾಟಲಿ ಎಲ್ಲಿ ಮಲಗಿತ್ತು ಎಂಬ ಪ್ರಶ್ನೆಯ ತೂಕವನ್ನಂತೂ ಅದು ನೆನಪಿಸುತ್ತದೆ.

ಆ ಪ್ರಶ್ನೆ ಕರ್ನಾಟಕದವರಿಗೆ ಬಹಳ ಹತ್ತಿರದ್ದು. ಅದಕ್ಕೆ ಬರುವ ಮುಂಚೆ ಒಂದು ಮಾತು: ಬೋರ್ಡೋದ ನೆಂಟಸ್ತಿಕೆ ನಮಗೆ ಇಲ್ಲದೇ ಇಲ್ಲ. ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದಲ್ಲಿ ಕನ್ವಲ್ ಗ್ರೋವರ್ ವೈನ್ ದ್ರಾಕ್ಷಿ ಬೆಳೆಸಿದಾಗ, 1990ರ ದಶಕದಿಂದ ಅಲ್ಲಿಗೆ ಸಲಹೆಗಾರರಾಗಿ ಬಂದವರು ಪೊಮೆರೋಲ್‌ನ ವೈನ್ ಮನೆತನದ ಮಿಷೆಲ್ ರೋಲಾಂ. ಇಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆಯಿಲ್ಲ, ವರ್ಷಕ್ಕೆ ಎರಡು ಸಲ ಸವರಬೇಕು, ಕೊಯ್ಲು ಬೇಸಿಗೆಯ ಬಾಗಿಲಲ್ಲಿ. ಇಂಥ ನೆಲದಲ್ಲಿ ಬೆಳೆದ ಕೆಂಪು ವೈನಿನ ಹಣ್ಣಿನ ಹುರುಪು ನನಗೆ ಇಷ್ಟ. ಅದನ್ನು ಇಪ್ಪತ್ತು ವರ್ಷ ಕಾಯಿಸುವುದರಲ್ಲಿ ಅರ್ಥ ಕಾಣುವುದಿಲ್ಲ, ಕೊಂಡ ಕೆಲವು ವರ್ಷದಲ್ಲೇ ಕುಡಿಯುವುದು ಮೇಲು. ಬೋರ್ಡೋದಲ್ಲೂ ಬಹುಪಾಲು ವೈನ್ ಹೀಗೆ ಎಳೆಯದರಲ್ಲೇ ಕುಡಿಯಲೆಂದು ಮಾಡಿದ್ದೇ.

ಬಾಳುವ ಜಾತಿಯ ಬೋರ್ಡೋ ಬಾಟಲಿಯೊಂದನ್ನು ವಿದೇಶದಲ್ಲಿರುವ ಮಗಳೋ ಅಳಿಯನೋ ತಂದುಕೊಟ್ಟರು ಎನ್ನೋಣ. ಅದಕ್ಕೆ ಬೇಕಾದದ್ದು 12ರಿಂದ 14 ಡಿಗ್ರಿಯ ತಂಪು, ಕತ್ತಲೆ, ಕಾರ್ಕ್ ಒಣಗದಷ್ಟು ತೇವ, ಅಲುಗಾಟವಿಲ್ಲದ ಜಾಗ. ಹಾಲ್‌ನ ಷೋಕೇಸ್ ಇದಾವುದನ್ನೂ ಕೊಡುವುದಿಲ್ಲ. ಏಪ್ರಿಲ್‌ನ ಸೆಕೆಯಲ್ಲಿ ಅಲ್ಲಿ ನಿಂತ ಬಾಟಲಿ ವಯಸ್ಸಾಗುವುದಿಲ್ಲ, ಬೇಯುತ್ತದೆ. ಮಂಗಳೂರಿನ ಸೆಕೆಯಲ್ಲಂತೂ ಹೇಳುವುದೇ ಬೇಡ. ಅಡುಗೆಮನೆಯ ಫ್ರಿಜ್ ಕೆಲವು ತಿಂಗಳಿಗೆ ಪರವಾಗಿಲ್ಲ, ವರ್ಷಗಳಿಗೆ ಅದು ತೀರ ಒಣ, ತೀರ ತಣ್ಣಗೆ. ವೈನಿಗೆಂದೇ ಮಾಡಿದ ಕಪಾಟು ನಿಮ್ಮಲ್ಲಿಲ್ಲದಿದ್ದರೆ ಬಾಟಲಿಯನ್ನು ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಮಲಗಿಸಿ, ಬರುವ ಬೇಸಿಗೆಗೆ ಮುಂಚೆ ಒಂದು ಬಿಡುವಿನ ಸಂಜೆ ಗೊತ್ತುಮಾಡಿ, ಕುಡಿಯುವ ಸಾಕಷ್ಟು ಮುಂಚೆ ಹೊರಗಿಟ್ಟು, 17 ಡಿಗ್ರಿಯ ಆಸುಪಾಸಿಗೆ ಬಂದಾಗ ತೆರೆಯಿರಿ.